ನೆರಳವ್ವನ ಕತ್ತಿ

೨ ಜನವರಿ ೨೦೨೫, ಗುರುವಾರ. ಗೊರೇಬಾಳ

ನಮ್ಮ ಸೊಸೈಟಿಯವರು ಪ್ರತಿ ವರ್ಷದಂತೆ ಈ ವರ್ಷವೂ ಡೈರಿ ಕೊಟ್ಟಿದ್ದಾರೆ. ಇಪ್ಪತ್ತೆರಡು ವರ್ಷ ಗುಮಾಸ್ತಗಿರಿ ಮಾಡಿದವನಿಗೆ ಖಾಲಿ ಹಾಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಆದಕಾರಣ ಸದರಿ ಡೈರಿಯನ್ನು ಇಂದಿನಿಂದ ಭರ್ತಿ ಮಾಡಲು ತೀರ್ಮಾನಿಸಲಾಗಿದೆ.

ಮೊದಲ ಪುಟ. ಹೆಸರು: ಆನಂದಕುಮಾರ. ವಯಸ್ಸು: ನಲವತ್ತೆಂಟು. ರಕ್ತದ ಗುಂಪು: ಬಿ ಪಾಸಿಟಿವ್. ಮದುವೆ: ಕಡತ ಇನ್ನೂ ವಿಲೇವಾರಿಯಾಗಿಲ್ಲ. ಅದರ ಕೆಳಗೆ 'ಅಪಘಾತವಾದಲ್ಲಿ ತಿಳಿಸಬೇಕಾದವರು' ಅಂತ ಒಂದು ಗೆರೆ. ಪ್ರತಿ ವರ್ಷ ಅಲ್ಲಿ ಒಂದೇ ಹೆಸರು ಬರೀತಿದ್ದೆ. ಈ ವರ್ಷ ಪೆನ್ನು ಸರಿಯಿಲ್ಲ.

ಎಡಗಾಲಿನ ವರದಿ: ಮೊಳಕಾಲ ಕೆಳಗೆ ಕಬ್ಬಿಣದ ಸಲಾಕೆ ಕೂಡಿಸಿ ಇಂದಿಗೆ ಮೂವತ್ತಮೂರು ದಿನ. ಸದರಿ ಕಾಲನ್ನು ಇನ್ನು ನೆಲಕ್ಕೆ ಊರಬಹುದು ಅಂತ ಸಿಂಧನೂರಿನ ಡಾಕ್ಟರು ಅಪ್ಪಣೆ ಕೊಟ್ಟಿದ್ದಾರೆ. ಅಪ್ಪಣೆಯ ಪ್ರತಿ ಕಾಲಿಗೆ ಇನ್ನೂ ತಲುಪಿಲ್ಲ.

೭ ಜನವರಿ, ಮಂಗಳವಾರ

ಆಟದ ಮೇಳದವರು ಮನೆಗೆ ಬಂದಿದ್ದರು. ಅಂಬಪ್ಪ ಮಾಸ್ತರು, ವೆಂಕೋಬ, ಹುಸೇನಬಾಷಾ. ಮೂವರಿಗೂ ಕೂಡಲು ಒಂದೇ ಕುರ್ಚಿ. ಮಾಸ್ತರು ಕೂತರು, ಉಳಿದಿಬ್ಬರು ದುಃಖದ ಮುಖ ಮಾಡಿಕೊಂಡು ನಿಂತರು.

ನಮ್ಮೂರಲ್ಲಿ ಭಾರತ ಹುಣ್ಣಿಮೆಗೆ ಬೆಳತನಕ ದೊಡ್ಡಾಟ. ಅಜ್ಜನ ಕಾಲದಿಂದ ಒಂದೇ ಆಟ, ಮುಗಿಲಕೋಟೆಯ ಕೆಂಡಗಣ್ಣಮ್ಮನದು. ಲೋಕದ ಹೊಳೆಗಳನ್ನೆಲ್ಲ ಕುಡಿದು ಹೊಟ್ಟೆಯಲ್ಲಿಟ್ಟುಕೊಂಡ ಕಗ್ಗತ್ತಲಾಸುರ ಒಂದು ಕಡೆ. ಮುಗಿಲ ಮೇಲೆ ಕೋಟೆ ಕಟ್ಟಿದ ದೇವಿ ಇನ್ನೊಂದು ಕಡೆ. ಅವಳ ಮುಂದೆ ಏಳು ಮಂದಿ ಹೆಣ್ಣಾಳು, ಏಳು ಕತ್ತಿಯವರು. ಅಂಥ ಶೂರೆಯರು ಮೂರು ಲೋಕ ಹುಡುಕಿದರೂ ಸಿಗುವುದಿಲ್ಲ. ಗೊರೇಬಾಳದಲ್ಲಿ ಸಿಗುತ್ತಾರೆ. ಏಳು ಮಂದಿ ಗಂಡಸರು ಹುಣ್ಣಿಮೆ ದಿನ ಸಾಲಾಗಿ ಕೂತು ಮೀಸೆ ಬೋಳಿಸಿಕೊಂಡು ಶೂರೆಯರಾಗುತ್ತಾರೆ. ಕೆಂಡಗಣ್ಣಮ್ಮ ಸ್ವತಃ ವೆಂಕೋಬ. ಅವನದು ಹಿಟ್ಟಿನ ಗಿರಣಿ, ಮುಖಕ್ಕೆ ಬೇರೆ ಪೌಡರು ಬೇಕಾಗುವುದಿಲ್ಲ.

ಕತ್ತಿ ಮನೆತನದ್ದು. ಐದನೆಯ ಕತ್ತಿ, ನೆರಳವ್ವನದು, ನಮ್ಮ ಮನೆಗೆ ಸೇರಿದ್ದು. ಮೊದಲು ಅಪ್ಪ ಹಿಡಿದ. ಆಮೇಲೆ ನನ್ನ ತಮ್ಮ ದುರುಗೇಶ ಹದಿನಾರು ವರ್ಷ ಹಿಡಿದ. ದುರುಗೇಶ ಈಗ ಇಲ್ಲ. ಹೋದ ನವೆಂಬರ್ ಇಪ್ಪತ್ತೆಂಟಕ್ಕೆ ಇಬ್ಬರೂ ಒಂದೇ ಬೈಕಿನಲ್ಲಿ ಲಿಂಗಸುಗೂರಿನಿಂದ ಬರುತ್ತಿದ್ದೆವು. ಮಸ್ಕಿ ದಾಟಿದ ಮೇಲೆ ರಸ್ತೆ ಮೇಲೆ ನಿಂತಿದ್ದ ಹುಲ್ಲಿನ ಟ್ರ್ಯಾಕ್ಟರು, ಹಿಂದೆ ಲೈಟಿಲ್ಲ. ಗಾಡಿ ಅವನು ಓಡಿಸುತ್ತಿದ್ದ. ಇಷ್ಟು ಸಾಕು.

"ಕತ್ತಿ ಹಿಡದೋರು ಹೋದ್ರ, ಬರೋ ಹುಣ್ಣಿಮಿಯೊಳಗ ಅದ ಮನ್ಯಾಗಿನವ್ರು ಒಬ್ರು ಹಿಡೀಬೇಕು ಆನಂದಪ್ಪ," ಅಂದರು ಮಾಸ್ತರು. "ಇಲ್ಲಾಂದ್ರ ಕತ್ತಿ ಕಾಲುವಿಗೆ. ನಿಮ್ಮ ಮನೀ ಹೆಸರು ಆಟದಿಂದ ಹೋತು."

"ಮಾಸ್ತರ, ನನ್ನ ಕಾಲು ನೋಡ್ರಿ. ಇಂಥಾ ಕುಂಟು ಕಾವಲುಗಾತಿನ್ನ ಕಂಡ್ರ ರಾಕ್ಷಸ ನಕ್ಕೋಂತ ಸಾಯ್ತಾನ."

"ಸಾಯ್ಲಿ ಬಿಡಲೇ, ನನಗ ಕೆಲಸ ಕಡಿಮಿ," ಅಂದ ವೆಂಕೋಬ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನಾನೇ ಆಡಿದ ಮಾತು ನೆನಪಾಗಿ ಚಹಾ ಅರ್ಧಕ್ಕೇ ಕೆಳಗಿಟ್ಟೆ. ವಿಚಾರಿಸಿ ತಿಳಿಸಲಾಗುವುದು ಎಂದು ಹೇಳಿ ಕಳಿಸಿದೆ.

೧೪ ಜನವರಿ, ಮಂಗಳವಾರ. ಸಂಕ್ರಾಂತಿ

ನಮ್ಮದು ಒಂದೇ ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡಿದ್ದು. ಆ ಕಡೆ ದುರುಗೇಶ ಮತ್ತು ಅವನ ಹೆಂಡತಿ ಪದ್ಮಾವತಿ. ಈ ಕಡೆ ನಾನು, ನನ್ನ ಪುಸ್ತಕ, ಇಲಿಗಳು. ಗೋಡೆಯಲ್ಲಿ ಎರಡೂ ಕಡೆ ತೆರೆದ ಒಂದು ಗೂಡಿದೆ. ಮೊದಲು ನಾನು ಉಣ್ಣಲು ಆ ಕಡೆ ಹೋಗುತ್ತಿದ್ದೆ. ಈಗ ತಟ್ಟೆ ಗೂಡಿನಲ್ಲಿ ಬಂದು ಕೂರುತ್ತದೆ. ಕಾಲಿನ ನೆಪ. ಕಾಲು ಬಹಳ ಉಪಕಾರಿ.

ಇವತ್ತು ಅವಳೇ ಸಜ್ಜಿ ರೊಟ್ಟಿ, ಪುಂಡಿಪಲ್ಯ ತಗೊಂಡು ಬಾಗಿಲಿಗೆ ಬಂದಳು. ಇಟ್ಟು ಹೋಗಲಿಲ್ಲ.

"ಭಾವಾರ, ಒಂದ ಮಾತು. ಕಡೀಕ ಅವ್ರು ಏನಂದ್ರು?"

ಇದು ನಾಲ್ಕನೆಯ ಸಲ. ಆಸ್ಪತ್ರೆಯಲ್ಲಿ ಮೊದಲ ಸಲ ಕೇಳಿದಾಗ, "ಪದ್ಮಾ ಅಂದ," ಅಂತ ಹೇಳಿದ್ದೆ. ಎರಡನೆಯ ಸಲ, "ಪದ್ಮಾನ್ನ ನೋಡ್ಕೋ ಅಂದ." ಮೂರನೆಯ ಸಲಕ್ಕೆ ಅದರ ಮುಂದೆ "ಯಣ್ಣಾ" ಸೇರಿತ್ತು. ಇವತ್ತು "ಆಕಿ ಭಾಳ ಹಚ್ಚಿಕೊಂಡಾಳ" ಅನ್ನುವುದೂ ಬಂತು. ಹೀಗೇ ಬಿಟ್ಟರೆ ಯುಗಾದಿ ಹೊತ್ತಿಗೆ ನನ್ನ ತಮ್ಮ ಒಂದು ಭಾಷಣವನ್ನೇ ಮಾಡಿರುತ್ತಾನೆ.

ಅವಳು ಪ್ರತಿ ಸಲ ಕೇಳಿದಂತೆ ಪೂರ್ತಿ ಕೇಳಿ, ತಲೆಯಾಡಿಸಿ, ಹೋದಳು.

ಮಂಗಳವಾರ ಅವಳು ಕತ್ತಿಗೆ ಎಣ್ಣೆ ಹಚ್ಚುತ್ತಾಳೆ. ದುರುಗೇಶ ಹಚ್ಚುತ್ತಿದ್ದ ದಿನ ಅದು. ಗೋಡೆಯಾಚೆ ಅರಿವೆ ಹೋಗಿ ಬರುವ ಸಪ್ಪಳ. ರೊಟ್ಟಿ ಚೆನ್ನಾಗಿತ್ತು ಅನ್ನಿಸುತ್ತದೆ.

೧೯ ಜನವರಿ, ಭಾನುವಾರ

ಹನುಮಪ್ಪನ ಗುಡಿ ಅಂಗಳಕ್ಕೆ ತಾಲೀಮು ನೋಡಲು ಹೋಗಿದ್ದೆ, ಕೋಲೂರಿಕೊಂಡು. ಆರು ಮಂದಿ ಶೂರೆಯರು ಲುಂಗಿ ಎತ್ತಿ ಕಟ್ಟಿ ಕುಣಿಯುತ್ತಿದ್ದರು. ಐದನೆಯವಳ ಜಾಗದಲ್ಲಿ ಭತ್ತ ತುಂಬಿದ ಕೊಡ, ಅದರಲ್ಲಿ ನೆಟ್ಟಗೆ ನಿಲ್ಲಿಸಿದ ಕತ್ತಿ. ತಾಲೀಮಿನ ದಿನ ಅದನ್ನು ಪದ್ಮಾವತಿಯಿಂದ ಇಸಗೊಂಡು ಬರುತ್ತಾರೆ, ಮುಗಿದ ಮೇಲೆ ತಿರುಗಿ ಕೊಡುತ್ತಾರೆ.

ಆಟದ ಕೊನೆಗೆ, ಬೆಳಕು ಹರಿಯುವ ಹೊತ್ತಿಗೆ, ದೇವಿ ರಣರಂಗದಲ್ಲಿ ನಿಂತು ಏಳು ಕತ್ತಿಯವರನ್ನು ಹೆಸರು ಹಿಡಿದು ಕೂಗುತ್ತಾಳೆ. ಆರು ಮಂದಿ ಓಗೊಡುವುದಿಲ್ಲ, ಸತ್ತಿರುತ್ತಾರೆ. ಐದನೆಯವಳು ಮಾತ್ರ ಎದ್ದು ನಿಂತು ಹೇಳಬೇಕು: 'ಇದ್ದೇನೆ ತಾಯೇ. ಆರು ಮಂದಿ ಬಿದ್ದರು. ನಾನೊಬ್ಬಳು ಉಳಿದೆ.' ನೆರಳವ್ವನಿಗೆ ಇಡೀ ರಾತ್ರಿಗೆ ಇದೊಂದೇ ಮಾತು. ದುರುಗೇಶ ಅದಕ್ಕಾಗಿ ತಿಂಗಳುಗಟ್ಟಲೆ ತಾಲೀಮು ಮಾಡುತ್ತಿದ್ದ, ನಾನು ವರ್ಷವಿಡೀ ಆಡಿಕೊಳ್ಳುತ್ತಿದ್ದೆ.

ಇವತ್ತು ವೆಂಕೋಬ ಕೂಗಿದ. ಕೊಡದ ಕಡೆ ನೋಡಿದ. ಮದ್ದಳೆಯವನು ಏಳು ಪೆಟ್ಟು ಹಾಕುವವರೆಗೆ ಎಲ್ಲರೂ ಸುಮ್ಮನೆ ನಿಂತರು. ಐದನೆಯವಳಿಂದ ಮಾತು ಬಾರದಿದ್ದರೆ ಅದು ಪದ್ಧತಿ.

ಆಗ ನನ್ನ ತಲೆಗೆ ಒಂದು ಘನವಾದ ವಿಚಾರ ಹೊಳೆಯಿತು.

"ಮಾಸ್ತರ, ಮನ್ಯಾಗಿನವ್ರು ಅಂದ್ರ ಪದ್ಮಾವತಿನೂ ಆಗ್ತದಲ್ರಿ. ಆಕಿ ಹಿಡೀಲಿ."

ಹಾರ್ಮೋನಿಯಂ ಅರ್ಧಕ್ಕೆ ನಿಂತಿತು. ಆರನೆಯ ಕತ್ತಿ ಹುಸೇನಬಾಷಾ ಸೆರಗಿನಂತೆ ಹೊದ್ದಿದ್ದ ಟವೆಲ್ಲು ಸರಿ ಮಾಡಿಕೊಂಡು, "ಕ್ಯಾ ಬಾತ್ ಹೈ ಆನಂದಣ್ಣ, ಹೆಣ್ಣಿನ ಪಾರ್ಟು ಹೆಣ್ಣು ಮಾಡಿದ್ರ ಅದು ಆಟ ಹೆಂಗಾತು?" ಅಂದ. ಏಳು ಮಂದಿ ಹೆಂಗಸರ ಶೌರ್ಯಕ್ಕೆ ಒಬ್ಬ ಹೆಂಗಸು ಬಂದರೆ ಕುಂದಾಗುತ್ತದೆಂದು ಸಭೆ ಒಮ್ಮತದಿಂದ ಅಭಿಪ್ರಾಯಪಟ್ಟಿತು. ನಾನು ವಾದ ಮಾಡಿದೆ. ಇಷ್ಟು ಚೆನ್ನಾಗಿ ಯಾವತ್ತೂ ವಾದ ಮಾಡಿರಲಿಲ್ಲ. ಮಾಸ್ತರು ಕೊನೆಗೆ, "ಆಯ್ತು, ಆಕಿನ್ನ ಕೇಳು. ಆಕಿ ಹೂಂ ಅಂದ್ರ ನಾ ಕಲಸ್ತೀನಿ," ಅಂದುಬಿಟ್ಟರು.

ಸಂಜೆ ಗೂಡಿನ ಈ ಕಡೆಯಿಂದಲೇ ಕೇಳಿದೆ. ಆ ಕಡೆ ಪಾತ್ರೆಯ ಸಪ್ಪಳ ನಿಂತಿತು.

"ನಾನೊಬ್ಬಾಕಿ ಉಳದೀನಿ ಅನ್ನೂ ಮಾತೇನ್ರಿ? ಅದನ್ನ ದಿನಾ ಅಂತೀನಿ ಭಾವಾರ, ಒಲಿ ಮುಂದ ಕುಂತು. ಅದಕ್ಕ ವೇಷ ಯಾಕ ಬೇಕು?"

೨೧ ಜನವರಿ, ಮಂಗಳವಾರ

ಕತ್ತಿ ಹಿಡಿಯಲು ಒಪ್ಪಿದ್ದೇನೆ. ಕಾರಣ ಬರೆಯಲು ಈ ಪುಟದಲ್ಲಿ ಜಾಗವಿಲ್ಲ.

೨೫ ಜನವರಿ, ಶನಿವಾರ

ತಾಲೀಮು. ಕುಂಟಕಾಲಿಗೆ ಹೊಂದುವ ಹೆಜ್ಜೆಯನ್ನು ಮಾಸ್ತರು ಹೊಸದಾಗಿ ಕಟ್ಟಿದ್ದಾರೆ. ಎರಡು ಹೆಜ್ಜೆ ಮುಂದೆ, ಒಂದು ಅಯ್ಯಯ್ಯೋ. ಮದ್ದಳೆಯವನಿಗೆ ಆ ಅಯ್ಯಯ್ಯೋಕ್ಕೆ ಎಲ್ಲಿ ಪೆಟ್ಟು ಹಾಕಬೇಕೆಂದು ತಿಳಿಯುತ್ತಿಲ್ಲ.

ದೇವಿಯನ್ನು ಹಿಂದಿಟ್ಟುಕೊಂಡು ಏಳು ಮಂದಿ ಸಾಲಾಗಿ ನಡೆಯುವುದಿದೆ. ನಾನು ವೆಂಕೋಬ ಬಂದನೋ ಇಲ್ಲವೋ ಅಂತ ಒಮ್ಮೆ ಹೊರಳಿ ನೋಡಿದೆ.

"ಏ ಆನಂದಾ! ಕತ್ತಿಯವ್ರು ಹಿಂದ ತಿರುಗಿ ನೋಡಬಾರದೋ," ಅಂತ ಮಾಸ್ತರು ಕೋಲು ಕುಟ್ಟಿದರು. "ಆಕಿನ್ನ ಕಾಯೋದು ನಿನ್ನ ಕೆಲಸ, ನೋಡೋದಲ್ಲ. ಹದ್ನಾರು ವರ್ಷದಾಗ ದುರುಗೇಶ ಒಮ್ಮಿನೂ ತಿರುಗಲಿಲ್ಲ, ಗೊತ್ತೈತೇನು?"

ನೀರು ಕುಡಿದು ಬರುತ್ತೇನೆ ಅಂತ ಹೊರಗೆ ಬಂದೆ. ಹಂಗೇ ಮನೆಗೆ ಬಂದೆ.

೨ ಫೆಬ್ರವರಿ, ಭಾನುವಾರ

ಹೆಜ್ಜೆ ಬಂತು. ಮಾತು ಬರುತ್ತಿಲ್ಲ. ದೇವಿ "ಐದನೆಯ ಕತ್ತಿ ನೆರಳವ್ವಾ, ಇರುವೆಯಾ?" ಅಂತ ಕೂಗಿದ ಕೂಡಲೇ ನನ್ನ ಬಾಯಿ ತನ್ನಷ್ಟಕ್ಕೆ ತಾನೇ ಏನಾದರೊಂದು ಅಂದುಬಿಡುತ್ತದೆ. ಮೊದಲ ಸಲ: "ಇದ್ದೇನೆ ತಾಯೇ, ಸಹಿ ಎಲ್ಲಿ ಮಾಡಲಿ?" ಎರಡನೆಯ ಸಲ: "ಇದ್ದೇನೆ ತಾಯೇ, ಅರ್ಧ ದಿನ ರಜೆ ಬೇಕು." ಸತ್ತು ಬಿದ್ದ ಆರು ಮಂದಿಯೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಹನ್ನೊಂದು ಸಲ ಹೀಗಾಯಿತು. ಹನ್ನೆರಡನೆಯ ಸಲ ಮಾಸ್ತರು ನಗಲಿಲ್ಲ, ಬಯ್ಯಲೂ ಇಲ್ಲ. ಎದ್ದು ಹೋಗಿ ಚಪ್ಪಲಿ ಹಾಕಿಕೊಂಡರು.

ವೆಂಕೋಬ ಬೀಡಿ ಹಚ್ಚುತ್ತಾ, "ದುರುಗೇಶ ಇದ್ದಿದ್ರ ನಿನ್ನ ಮಾತಿಗೆ ಬಿದ್ದು ಬಿದ್ದು ನಗ್ತಿದ್ದ ನೋಡು," ಅಂದ.

ಪಾಪ, ಅವನು ಒಳ್ಳೆಯದಕ್ಕೇ ಅಂದದ್ದು.

೩ ಫೆಬ್ರವರಿ, ಸೋಮವಾರ

ಗಾಡಿ ಅವನು ಓಡಿಸುತ್ತಿದ್ದ ಅಂತ ಜನವರಿ ಏಳರ ಪುಟದಲ್ಲಿ ಬರೆದಿದ್ದೇನೆ. ಅದು ಸುಳ್ಳಲ್ಲ. ಸೊಸೈಟಿಯಲ್ಲಿ ನಾವು ಎಷ್ಟೋ ವರದಿಗಳನ್ನು ಹೀಗೆ ಬರೆಯುತ್ತೇವೆ, ಸುಳ್ಳಿಲ್ಲದಂತೆ.

ಅವತ್ತು ಲಿಂಗಸುಗೂರಿಗೆ ಹೋಗಿದ್ದು ಕೆಂಡಗಣ್ಣಮ್ಮನ ಕಿರೀಟದ ರಿಪೇರಿಗೆ. ಬರುವಾಗ ಕಿರೀಟದ ಡಬ್ಬಿ ನನ್ನ ತೊಡೆ ಮೇಲೆ. ಹತ್ತಿಯಲ್ಲಿ ಸುತ್ತಿ ಭದ್ರವಾಗಿ ಇಟ್ಟಿದ್ದರು. ನಮ್ಮಿಬ್ಬರ ತಲೆ ಮೇಲೆ ಏನೂ ಇರಲಿಲ್ಲ. ಮಸ್ಕಿಯಲ್ಲಿ ಮಿರ್ಚಿ ತಿಂದೆವು. ಹೊತ್ತು ಮುಳುಗಿತ್ತು. ದುರುಗೇಶ, "ಯಣ್ಣಾ, ಏನರ ಹೇಳಲೇ, ನಿದ್ದಿ ಬರಾಕತ್ತೈತಿ," ಅಂದ.

ಹೇಳಿದೆ. ವೆಂಕೋಬ ನನಗೊಬ್ಬನಿಗೇ ಹೇಳಿದ್ದ ಸಂಗತಿ ಅದು. ಬೇಸಿಗೆಯಲ್ಲಿ ಅವನು ಗುರುಗುಂಟಾದಲ್ಲಿ ಯಾವುದೋ ಮೆರವಣಿಗೆಗೆ ದೇವಿಯ ವೇಷ ಹಾಕಿ, ಬಣ್ಣ ತೊಳೆಯಲು ನೀರು ಸಿಗದೆ ಹಂಗೇ ಬಸ್ಸು ಹತ್ತಿದ್ದ. ಕಿರೀಟ, ಮೂಗುತಿ, ಕೈಯಲ್ಲಿ ತ್ರಿಶೂಲ. ಹೆಣ್ಣುಮಕ್ಕಳ ಸೀಟಿನಲ್ಲಿ ಕೂತ. ಕಂಡಕ್ಟರ್ ಬಂದ. "ಹೆಣ್ಣುಮಕ್ಕಳಿಗೆ ಫ್ರೀ ಅಲ್ಲೇನಪಾ?" ಅಂದಳು ದೇವಿ. "ಹೌದು ತಾಯಿ, ಆಧಾರ್ ತೋರಸಬೇಕು," ಅಂದ ಕಂಡಕ್ಟರ್. ದೇವಿ ಕುಪ್ಪಸದೊಳಗೆ ಕೈ ಹಾಕಿ ಆಧಾರ್ ತೆಗೆದು ಕೊಟ್ಟಳು. ಅದರಲ್ಲಿ ಗಿರಣಿ ವೆಂಕೋಬ, ಇಷ್ಟುದ್ದ ಮೀಸೆ. ಕಂಡಕ್ಟರ್ ಕಾರ್ಡು ನೋಡಿದ. ದೇವಿಯ ಮುಖ ನೋಡಿದ. ಮತ್ತೆ ಕಾರ್ಡು ನೋಡಿದ. ಟಿಕೆಟ್ ಮಿಶನ್ ಬಗಲಲ್ಲಿ ಇಟ್ಟುಕೊಂಡು ಎರಡೂ ಕೈ ಮುಗಿದ. ಮುಗಿದು...

ಅಲ್ಲಿ ನಿಲ್ಲಿಸಿದೆ. ಕತೆ ಹೇಳುವವನ ಚಟ ಅದು, ಒಳ್ಳೆಯ ಜಾಗದಲ್ಲಿ ನಿಲ್ಲಿಸುವುದು. ಕೇಳುವವನು ತಡೆಯಲಾರದೆ ತಿರುಗಿ ನೋಡಬೇಕು. ದುರುಗೇಶ ತಿರುಗಿ ನೋಡಿದ. ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ.

ಕಿರೀಟಕ್ಕೆ ಒಂದು ಗೀರೂ ಬಿದ್ದಿಲ್ಲ.

೪ ಫೆಬ್ರವರಿ, ಮಂಗಳವಾರ

ಗೋಡೆಯಾಚೆ ಅರಿವೆಯ ಸಪ್ಪಳ. ಇವತ್ತು ಬಹಳ ಹೊತ್ತು ಉಜ್ಜಿದಳು.

೧೨ ಫೆಬ್ರವರಿ, ಬುಧವಾರ. ಭಾರತ ಹುಣ್ಣಿಮೆ

ಮೀಸೆ ತೆಗೆಸಿದೆ. ಇಪ್ಪತ್ತೈದು ವರ್ಷದ ಮೀಸೆ. ಅದಕ್ಕೊಂದು ಬೀಳ್ಕೊಡುಗೆ ಸಮಾರಂಭ ಮಾಡೋಣ ಅಂತ ಅಂಗಡಿಯಲ್ಲಿ ಏನೋ ಹೇಳಲು ಬಾಯಿ ತೆಗೆದೆ. ಕನ್ನಡಿಯಲ್ಲಿ ದುರುಗೇಶ ಕೂತಿದ್ದ.

ಕತ್ತಿಯನ್ನು ಮನೆಯ ಹೆಣ್ಣುಮಗಳು ಕೈಗೆ ಕೊಡಬೇಕು, ಅದೂ ಪದ್ಧತಿ. ಹೊತ್ತು ಮುಳುಗುವಾಗ ಸೀರೆ ಉಟ್ಟು, ಬಣ್ಣ ಬಳಿದುಕೊಂಡು ಅವಳ ಬಾಗಿಲಲ್ಲಿ ನಿಂತೆ. ಎರಡೂವರೆ ತಿಂಗಳಾದ ಮೇಲೆ ಆ ಹೊಸ್ತಿಲಿಗೆ ಹೋದದ್ದು. ಪದ್ಮಾವತಿ ನನ್ನ ಮುಖ ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಕತ್ತಿ ತಂದು ಕೊಟ್ಟಳು.

"ಹುಷಾರ್ರಿ," ಅಂದಳು. ಯಾರಿಗೆ ಅಂದಳೋ.

೧೩ ಫೆಬ್ರವರಿ, ಗುರುವಾರ

ಬಣ್ಣ ಇನ್ನೂ ತೊಳೆದಿಲ್ಲ. ತೊಳೆಯುವ ಮೊದಲು ಬರೆದುಬಿಡುತ್ತೇನೆ.

ಆಟ ಶುರುವಾದಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜವಳಗೇರಾದಿಂದ ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ಬೆಳಕು ಹರಿಯುವ ಹೊತ್ತಿಗೆ ಎಚ್ಚರವಿದ್ದವರು ಇಪ್ಪತ್ತು ಮಂದಿ ಇರಬೇಕು. ಪಕ್ಕದಲ್ಲಿ ಸತ್ತು ಬಿದ್ದಿದ್ದ ಹುಸೇನಬಾಷಾ ನಿಜಕ್ಕೂ ನಿದ್ದೆ ಹೋಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ಪದ್ಮಾವತಿ ಮುಂದೆ, ಹಾಸಿದ ಚೀಲದ ಮೇಲೆ, ನೆಟ್ಟಗೆ ಕೂತಿದ್ದಳು. ಅವಳು ರಾತ್ರಿಯೆಲ್ಲ ಹಂಗೇ ಕೂತಿದ್ದಳಂತೆ.

ವೆಂಕೋಬ ಕೂಗಿದ. ಒಂದು. ಎರಡು. ಮೂರು. ನಾಲ್ಕು.

"ಐದನೆಯ ಕತ್ತಿ ನೆರಳವ್ವಾ, ಇರುವೆಯಾ?"

ಎದ್ದು ನಿಂತೆ. ಸಹಿಯ ಮಾತು ಬರಲಿಲ್ಲ, ರಜೆಯ ಮಾತು ಬರಲಿಲ್ಲ. ಯಾವುದಾದರೂ ಬರಲಿ ಅಂತ ಕಾದೆ. ಮದ್ದಳೆಯವನು ಪದ್ಧತಿಯಂತೆ ಪೆಟ್ಟು ಹಾಕಲು ಶುರು ಮಾಡಿದ, ಮಾಸ್ತರು ಅವನ ಕೈ ಹಿಡಿದರು.

"ಇದ್ದೇನೆ ತಾಯೇ," ಅಂದೆ. ಮುಂದಿನದು 'ಆರು ಮಂದಿ ಬಿದ್ದರು' ಅಂತ. ನನ್ನ ಬಾಯಲ್ಲಿ, "ಅವನು ಬಿದ್ದ," ಅಂತ ಬಂತು. "ನಾನೊಬ್ಬ ಉಳಿದೆ."

ಪಾರ್ಟು ತಪ್ಪಿತು. ದೇವಿಯ ಕಾಡಿಗೆ ಕೆನ್ನೆವರೆಗೆ ಇಳಿದಿತ್ತು. ಉಳಿದ ಇಬ್ಬರನ್ನು ಕೂಗುವುದನ್ನು ಅವಳು ಮರೆತೇಬಿಟ್ಟಳು.

ಪದ್ಮಾವತಿ ನನ್ನ ಜೊತೆಗೇ ಮನೆ ಕಡೆ ನಡೆದಳು. ಕಾಲುವೆ ದಂಡೆ ಮೇಲೆ, ನಾನು ಸೀರೆ ಎತ್ತಿಕೊಂಡು ಕುಂಟುತ್ತಾ, ಅವಳು ಎರಡು ಹೆಜ್ಜೆ ಹಿಂದೆ. ನಾಟಿಗೆ ಹೊರಟ ಹೆಂಗಸರು ನನ್ನನ್ನು ನೋಡಿ ಬಾಯಿಗೆ ಸೆರಗು ಇಟ್ಟುಕೊಂಡರು. ಅವರು ದಾಟಿದ ಮೇಲೆ ಹೇಳಿದೆ. ತಿರುಗದೆ ಹೇಳಿದೆ. ಗುರುಗುಂಟಾ, ಬಸ್ಸು, ಆಧಾರ್, ಕಂಡಕ್ಟರ್ ಕೈ ಮುಗಿದದ್ದು, ನಾನು ನಿಲ್ಲಿಸಿದ್ದು, ಅವನು ಹೊರಳಿದ್ದು.

ಹಿಂದೆ ಹೆಜ್ಜೆಯ ಸಪ್ಪಳ ನಿಂತಿತು.

"ಹಂಗಾರ ನನ್ನ ಹೆಸರು?"

"ಹಿಡೀಲಿಲ್ಲ ಪದ್ಮಾವತಿ. ನಾ ಸುಳ್ಳು ಹೇಳಿದೆ."

"ಏನೂ ಅನ್ಲೇ ಇಲ್ಲೇನು ಅವ್ರು?"

"'ಮುಂದ?' ಅಂದ. ಅಷ್ಟ."

ಕಾಲುವೆಯಲ್ಲಿ ನೀರು ಹೋಗುತ್ತಿತ್ತು. ಕೊನೆಗೆ ಕೇಳಿದಳು, "ನಗ್ತಿದ್ರೇನು?"

"ಹೂಂ."

ಸುಮ್ಮನಾ‌ಗಬೇಕಿತ್ತು ನಾನು. ಸುಮ್ಮನಾಗಲು ಬಂದಿದ್ದರೆ ಇದೆಲ್ಲ ಯಾಕಾಗುತ್ತಿತ್ತು? "ಕಂಡಕ್ಟರ್ ಏನಂದ ಅಂತ ಹೇಳ್ಲೇನು?" ಅಂದೆ.

"ಬ್ಯಾಡ್ರಿ," ಅಂದಳು. "ಅವ್ರಿಗೆ ಗೊತ್ತಾಗದ್ದು ನನಗ್ಯಾಕ?"

ನನ್ನನ್ನು ದಾಟಿ ಮುಂದೆ ಹೋದಳು.

೧೫ ಫೆಬ್ರವರಿ, ಶನಿವಾರ

ಗೂಡು ಖಾಲಿ. ನಿನ್ನೆಯೂ ಖಾಲಿ. ಸಿಂಧನೂರಿನಲ್ಲಿ ಸಕೀನಾಬೀ ಖಾನಾವಳಿಯಲ್ಲಿ ಉಂಡೆ.

೧೮ ಫೆಬ್ರವರಿ, ಮಂಗಳವಾರ

ಹಿಡಿದವನ ಮನೆಯಲ್ಲೇ ಕತ್ತಿ ಇರಬೇಕು. ಹಾಗಾಗಿ ಈಗ ಅದು ನನ್ನ ಗೋಡೆಯ ಮೇಲಿದೆ. ಅದಕ್ಕೆ ಎಣ್ಣೆ ಹಚ್ಚುವುದು ಹೇಗೆಂದು ನನಗೆ ಗೊತ್ತಿಲ್ಲ. ಆ ಕಡೆ ಯಾವ ಸಪ್ಪಳವೂ ಇಲ್ಲ.

೨೫ ಫೆಬ್ರವರಿ, ಮಂಗಳವಾರ

ಸಂಜೆ ಪದ್ಮಾವತಿ ಬಂದಳು. ಬಾಗಿಲು ತೆರೆದೇ ಇತ್ತು. ನನ್ನ ಕಡೆ ನೋಡಲಿಲ್ಲ. ಕತ್ತಿ ಇಳಿಸಿಕೊಂಡು ನೆಲದ ಮೇಲೆ ಕೂತು, ಸೀಸೆಯಿಂದ ಎಣ್ಣೆ ಸುರಿದು, ತುದಿಯಿಂದ ಹಿಡಿಯವರೆಗೆ ಒರೆಸಿದಳು. ನಾನು ಆ ಒಂದೇ ಕುರ್ಚಿಯಲ್ಲಿ ಕೂತಿದ್ದೆ. ಏನೂ ಹೇಳಲಿಲ್ಲ. ಮುಗಿದ ಮೇಲೆ ಕತ್ತಿ ತೂಗುಹಾಕಿ ಎದ್ದು ಹೋದಳು.

ಎಣ್ಣೆ ಸೀಸೆ ಇಲ್ಲೇ ಬಿಟ್ಟು ಹೋಗ್ಯಾಳ.